ಅವಳ ಉತ್ತರ ಪತ್ರಿಕೆ ನೋಡಿದ್ದೀರಾ?

ಓದುಗರ ಪ್ರಶ್ನೆ, ಗಣಿತ ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಶಾಲೆ ಶುರುವಾಯಿತು, ಮಕ್ಕಳನ್ನು ಗಣಿತಕ್ಕೆ ಎ, ಬಿ ಎಂದು ಬೇರೆ ಮಾಡಿದರು, ಮನೆಯಲ್ಲಿ ನೆಮ್ಮದಿ ಹೋಯಿತು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಯಾಕೆಂದರೆ ಬೇರೆ ಪತ್ರಗಳಲ್ಲಿ ಕೇಳಿದ್ದೂ ಅದರಲ್ಲೇ ಇದೆ.

ಪ್ರಶ್ನೆ: ನನ್ನ ಮಗಳು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಜೂನ್ ಎರಡನೇ ವಾರ ಒಂದು ಗಣಿತ ಟೆಸ್ಟ್ ಮಾಡಿದರು, 40 ಅಂಕಕ್ಕೆ. 25ಕ್ಕಿಂತ ಜಾಸ್ತಿ ಬಂದವರಿಗೆ ಎ ಸೆಕ್ಷನ್, ಅಲ್ಲಿ ಫೌಂಡೇಶನ್ ಕ್ಲಾಸ್ ಬೇರೆ ಇದೆ. ಉಳಿದವರಿಗೆ ಬಿ. ನನ್ನ ಮಗಳಿಗೆ 22 ಬಂದಿದೆ. ಆರನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ನೂರಕ್ಕೆ 84 ಬಂದಿತ್ತು. ಟೆಸ್ಟ್ ದಿನ ಜ್ವರ ಇತ್ತು, ಹಿಂದಿನ ರಾತ್ರಿ ಹೊಸನಗರದಿಂದ ಮಳೆಯಲ್ಲಿ ನೆನೆದು ಬಂದಿದ್ದೆವು. ಟೀಚರ್ ಹತ್ತಿರ ಮಾತಾಡಿದರೆ, ಅವಳಿಗೆ ಗಣಿತದ ತಲೆ ಇಲ್ಲ, ಬಲವಂತ ಮಾಡಬೇಡಿ ಎಂದರು. ಮಗಳ ಎದುರಿಗೇ ಹೇಳಿದರು. ಅವಳ ಜೀವದ ಗೆಳತಿ ಎ ಸೆಕ್ಷನ್‌ಗೆ ಹೋಗಿದ್ದಾಳೆ. ಇವಳು ರಾತ್ರಿ ಊಟ ಮಾಡದೆ ಮಲಗುತ್ತಾಳೆ. ನನ್ನ ಗಂಡ ಬಿಇಓ ಕಚೇರಿಗೆ ದೂರು ಕೊಡೋಣ, ಇಲ್ಲಾಂದ್ರೆ ಟಿಸಿ ತೆಗೆದುಕೊಳ್ಳೋಣ ಅಂತಿದ್ದಾರೆ. ಶಾಲೆಯವರು ಹೀಗೆ ಮಾಡಬಹುದಾ? ನಾವು ಕೇಳಬಹುದಾ?
ಒಬ್ಬ ತಾಯಿ, ವಿನೋಬನಗರ, ಶಿವಮೊಗ್ಗ

ಉತ್ತರ: ಖಂಡಿತ ಕೇಳಬಹುದು. ಕೇಳಲೇಬೇಕು. ಆದರೆ ಏನನ್ನು ಕೇಳಬೇಕು ಅನ್ನುವುದನ್ನು ಮೊದಲು ಮನೆಯಲ್ಲಿ ಕೂತು ತೀರ್ಮಾನ ಮಾಡಿ. "ನಮ್ಮ ಮಗಳನ್ನು ಎ ಸೆಕ್ಷನ್‌ಗೆ ಹಾಕಿ" ಎಂದು ಶುರು ಮಾಡಿದರೆ ಶಾಲೆಯವರು "25 ಬಂದಿಲ್ಲ" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆ ಆಫೀಸ್ ರೂಮಿನ ಎರಡೂ ಕಡೆ ನಾನು ಕೂತಿದ್ದೇನೆ, ಟೀಚರ್ ಆಗಿಯೂ, ತಾಯಿಯಾಗಿಯೂ. ಅಂಕದ ಜಗಳದಲ್ಲಿ ತಂದೆತಾಯಿ ಗೆದ್ದದ್ದು ನಾನು ನೋಡಿಲ್ಲ.

ನೀವು ಕೇಳಬೇಕಾದದ್ದು ಉತ್ತರ ಪತ್ರಿಕೆ. ನಿಮ್ಮ ಇಡೀ ಪತ್ರದಲ್ಲಿ 22 ಇದೆ, 25 ಇದೆ, 84 ಇದೆ, ಅವಳು ಆ ದಿನ ಏನು ಬರೆದಳು ಅನ್ನುವುದು ಮಾತ್ರ ಇಲ್ಲ. ನೋಡಿದ್ದೀರಾ ಅದನ್ನು? ನೋಡಿಲ್ಲ ಅಂತ ನನ್ನ ಊಹೆ, ಯಾಕೆಂದರೆ ಇಂಥ ಟೆಸ್ಟ್‌ಗಳ ಪೇಪರ್ ಮನೆಗೆ ಬರುವುದು ಕಡಿಮೆ.

22 ಅಂದರೆ ಏನು ಬೇಕಾದರೂ ಆಗಿರಬಹುದು. ಒಂದು ಮಗು ಕೊನೆಯ ನಾಲ್ಕು ಲೆಕ್ಕ ಮುಟ್ಟೇ ಇಲ್ಲ, ಮುಟ್ಟಿದ್ದೆಲ್ಲ ಸರಿ. ಅದು ಸಮಯ ಸಾಲದೆ ಹೋದದ್ದು ಅಥವಾ ಜ್ವರ. ಇನ್ನೊಂದು ಮಗು ಎಲ್ಲ ಲೆಕ್ಕವನ್ನೂ ಸರಿಯಾಗಿ ಹಿಡಿದಿದೆ, ಕೂಡುವಾಗ ಕಳೆಯುವಾಗ ತಪ್ಪಿದೆ. ಮೂರನೆಯ ಮಗು ಮುಕ್ಕಾಲಿಗೆ ಅರ್ಧ ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 4/6 ಎಂದು ಬರೆದಿದೆ. ಈ ಮೂರನೆಯದು ನಿಜವಾಗಿ ಗಮನ ಕೊಡಬೇಕಾದ ತಪ್ಪು. ಮುಕ್ಕಾಲಿಗೆ ಅರ್ಧ ಸೇರಿಸಿದ ಮೇಲೆ ಮುಕ್ಕಾಲಿಗಿಂತ ಕಡಿಮೆ ಬಂದಿದೆಯಲ್ಲ ಎಂದು ಮಗುವಿಗೆ ಅನ್ನಿಸಿಲ್ಲ ಅಂದರೆ, ಅದಕ್ಕೆ ಭಿನ್ನರಾಶಿ ಒಂದು ಅಳತೆ ಅಂತ ಗೊತ್ತಿಲ್ಲ, ಗೆರೆಯ ಮೇಲೊಂದು ಕೆಳಗೊಂದು ಅಂಕಿ ಅಷ್ಟೇ ಗೊತ್ತು. ದಶಮಾಂಶದಲ್ಲೂ ಹೀಗೇ. 0.35 ದೊಡ್ಡದೋ 0.8 ದೊಡ್ಡದೋ ಅಂತ ಕೇಳಿ ನೋಡಿ. 35 ಎಂಟಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಅನ್ನುವ ಮಕ್ಕಳು ಎ ಸೆಕ್ಷನ್‌ನಲ್ಲೂ ಸಿಗುತ್ತಾರೆ, ನಾನು ಬೇಕಾದಷ್ಟು ನೋಡಿದ್ದೇನೆ. ಈ ಮೂರು ಮಕ್ಕಳಿಗೂ 22 ಬರಬಹುದು. ಮೂವರಿಗೂ ಬೇಕಾದ ಸಹಾಯ ಬೇರೆ ಬೇರೆ. ಶಾಲೆ ಮೂವರನ್ನೂ ಒಂದೇ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡರೆ ಅದು ತಪ್ಪು, ನಾನು ನೇರವಾಗಿಯೇ ಹೇಳುತ್ತೇನೆ. ಹನ್ನೆರಡು ವರ್ಷದ ಮಗುವಿನ ಒಂದು ಬೆಳಗಿನ ನಲವತ್ತು ಅಂಕ ನೋಡಿ ಇಡೀ ವರ್ಷದ ತೀರ್ಮಾನ ಮಾಡಬಾರದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಸನಗರ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಗಣಿತದಲ್ಲಿ ಹಿಂದಿರುವವರು ಅಂತ ಒಂದು ಪಟ್ಟಿ ಮಾಡಿ ಅವರನ್ನು ಒಂದು ಸಾಲಿನಲ್ಲಿ ಕೂರಿಸಿದ್ದೆ. ಅದರಲ್ಲೊಬ್ಬಳು ಹುಡುಗಿ, 40ರಲ್ಲಿ 3/8 ಎಷ್ಟು ಎಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ವರ್ಷದ ಕೊನೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅವಳ ಅಪ್ಪ ಅಣ್ಣತಮ್ಮಂದಿರ ಜೊತೆ ತೋಟ ಹಿಸ್ಸೆ ಆಗುವ ವಿಷಯ ಮಾತಾಡುತ್ತಿದ್ದರು. ಒಂದು ಎಕರೆ, ಎಂಟು ಪಾಲು, ಅದರಲ್ಲಿ ಮೂರು ಪಾಲು ಇವರಿಗೆ. ಒಳಗಿನಿಂದ ಕಾಫಿ ತರುತ್ತಿದ್ದ ಆ ಹುಡುಗಿ ನಿಂತಲ್ಲೇ "ಹದಿನೈದು ಗುಂಟೆ" ಎಂದಳು. ಎಕರೆಗೆ 40 ಗುಂಟೆ, ಎಂಟರಿಂದ ಭಾಗಿಸಿದರೆ ಐದು, ಮೂರರಿಂದ ಗುಣಿಸಿದರೆ ಹದಿನೈದು. ಇಡೀ ವರ್ಷ ನಾನು ಕೇಳಿದ್ದ ಲೆಕ್ಕವೇ ಅದು. ಅವಳಿಗೆ ಬಾರದೆ ಇದ್ದದ್ದು ನಾನು ಬೋರ್ಡ್ ಮೇಲೆ ಬರೆಯುತ್ತಿದ್ದ ರೀತಿ ಮಾತ್ರ, ಮತ್ತು ಅದನ್ನು ಕಲಿಸಬೇಕಾದವಳು ನಾನೇ ಆಗಿದ್ದೆ. ಆ ಪಟ್ಟಿಯಲ್ಲಿ ಅವಳು ಕಳೆದ ಒಂದು ವರ್ಷ ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ "ಗಣಿತದ ತಲೆ ಇಲ್ಲ" ಅನ್ನುವ ಮಾತು ಓದಿದಾಗ ನನಗೆ ಸಿಟ್ಟು ಬಂತು.

ಈಗ ಕಾನೂನಿನ ವಿಷಯ. ನಿಮ್ಮ ಮಗಳು ಆರರಿಂದ ಹದಿನಾಲ್ಕು ವರ್ಷದ ಒಳಗಿನವಳು, ಹಾಗಾಗಿ 2009ರ ಶಿಕ್ಷಣ ಹಕ್ಕು ಕಾಯ್ದೆ ಅವಳಿಗೆ ಅನ್ವಯಿಸುತ್ತದೆ. (ಶಾಲೆ ಅಲ್ಪಸಂಖ್ಯಾತ ಸಂಸ್ಥೆಯದಾದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಲೆಕ್ಕ ಬೇರೆ, ಅದನ್ನು ಮೊದಲು ನೋಡಿಕೊಳ್ಳಿ.) ನಿಮ್ಮ ಮನೆಯವರು ಬಹುಶಃ 13ನೇ ಸೆಕ್ಷನ್ ಬಗ್ಗೆ ಕೇಳಿರಬಹುದು, ಮಕ್ಕಳಿಗೆ ಪರೀಕ್ಷೆ ಮಾಡಿ ಆರಿಸಬಾರದು ಅಂತ. ಅದು ಶಾಲೆಗೆ ಸೇರಿಸಿಕೊಳ್ಳುವಾಗಿನ ಮಾತು. ನಿಮ್ಮ ಮಗಳು ಆಗಲೇ ಸೇರಿದ್ದಾಳೆ. ಅದನ್ನು ಹಿಡಿದುಕೊಂಡು ಹೋದರೆ ಬಾಗಿಲಲ್ಲೇ ಸೋಲುತ್ತೀರಿ. ಒಳಗಿರುವ ಮಕ್ಕಳನ್ನು ಗಣಿತಕ್ಕೆ ಎರಡು ಸೆಕ್ಷನ್ ಮಾಡಬೇಡಿ ಎಂದು ಕಾಯ್ದೆಯಲ್ಲಿ ನೇರವಾಗಿ ಬರೆದಿಲ್ಲ.

ನಿಮಗೆ ಉಪಯೋಗಕ್ಕೆ ಬರುವುದು 24ನೇ ಸೆಕ್ಷನ್. ಅದು ಶಿಕ್ಷಕರ ಕರ್ತವ್ಯಗಳ ಬಗ್ಗೆ ಇದೆ. ಪಠ್ಯಕ್ರಮವನ್ನು ಪೂರ್ತಿ, ಸಮಯಕ್ಕೆ ಸರಿಯಾಗಿ ಮುಗಿಸಬೇಕು. ಪ್ರತಿ ಮಗುವಿನ ಕಲಿಯುವ ಶಕ್ತಿಯನ್ನು ನೋಡಿ, ಬೇಕಾದರೆ ಹೆಚ್ಚಿನ ಪಾಠ ಹೇಳಬೇಕು. ತಂದೆತಾಯಿ ಜೊತೆ ಆಗಾಗ ಸಭೆ ಮಾಡಿ ಮಗುವಿನ ಕಲಿಕೆ ಹೇಗಿದೆ ಎಂದು ತಿಳಿಸಬೇಕು. ಅಂದರೆ ನಿಮ್ಮ ಮಗಳು ಎಲ್ಲಿ ಎಡವಿದಳು ಎಂದು ಕೇಳುವುದು ನೀವು ಬೇಡುವ ಉಪಕಾರ ಅಲ್ಲ, ಅವರು ಹೇಳಬೇಕಾದದ್ದು. ಇನ್ನೊಂದು, 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಎದುರಿಗೆ ತಲೆ ಇಲ್ಲ ಎಂದದ್ದನ್ನು ಒಂದೇ ಸಲಕ್ಕೆ ಅಲ್ಲಿಯ ತನಕ ಒಯ್ಯಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಆ ಮಾತು ಮಗಳನ್ನು ಎಷ್ಟು ನೋಯಿಸಿದೆ ಎಂದು ಮುಖ್ಯ ಶಿಕ್ಷಕರಿಗೆ ಸ್ಪಷ್ಟವಾಗಿ ಹೇಳಿ. ಕಿರುಚಬೇಡಿ. ಆದರೆ ನುಂಗಿಕೊಳ್ಳಲೂ ಬೇಡಿ.

ಹೋಗುವಾಗ ಒಂದು ಪತ್ರ ಬರೆದುಕೊಂಡು ಹೋಗಿ, ಎರಡು ಪ್ರತಿ, ಒಂದರ ಮೇಲೆ ಶಾಲೆಯ ಸೀಲ್ ಹಾಕಿಸಿಕೊಳ್ಳಿ. ಇಷ್ಟು ಸಾಕು:

"ನಮ್ಮ ಮಗಳು ಜೂನ್ ತಿಂಗಳ ಗಣಿತ ಟೆಸ್ಟ್‌ನಲ್ಲಿ ಬರೆದ ಉತ್ತರ ಪತ್ರಿಕೆಯನ್ನು ನೋಡಲು ಅವಕಾಶ ಕೊಡಬೇಕಾಗಿ ಕೋರುತ್ತೇವೆ. ಅಂದು ಅವಳಿಗೆ ಜ್ವರವಿತ್ತು. ಆದ್ದರಿಂದ ಅವಳನ್ನು ಇನ್ನೊಂದು ಸಲ ಪರೀಕ್ಷಿಸಬೇಕು. ಎರಡು ಸೆಕ್ಷನ್‌ಗಳಲ್ಲಿ ಕಲಿಸುವ ಪಾಠಗಳಲ್ಲಿ ಇರುವ ವ್ಯತ್ಯಾಸವನ್ನು ತಿಳಿಸಬೇಕು. ಸೆಕ್ಷನ್ ಬದಲಾಯಿಸುವ ಬಗ್ಗೆ ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂಬುದನ್ನು ದಿನಾಂಕದೊಂದಿಗೆ ತಿಳಿಸಬೇಕು."

ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ದಿನಾಂಕ ಇಲ್ಲದ "ಆಮೇಲೆ ನೋಡೋಣ" ಮಾರ್ಚ್ ತನಕ ಎಳೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಮೊದಲ ಸಂಕಲನಾತ್ಮಕ ಪರೀಕ್ಷೆ ಆಗುತ್ತದೆ, ದಸರಾ ರಜೆಗೆ ಮುಂಚೆ ಪರಿಶೀಲನೆ ಮಾಡಿ ಅಂತ ಕೇಳಿ, ಅದು ನ್ಯಾಯವಾದ ಸಮಯ. ಮಾತಾಡುವಾಗ ಇನ್ನೊಂದು ವಿಷಯ ಕೇಳಿ: ಹೋದ ವರ್ಷ ಬಿ ಸೆಕ್ಷನ್‌ನಿಂದ ಎಷ್ಟು ಮಕ್ಕಳು ಎ ಸೆಕ್ಷನ್‌ಗೆ ಹೋದರು? ಒಬ್ಬರೂ ಇಲ್ಲ ಎಂದರೆ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ ಎಂದರ್ಥ. ಹಾಗೆಯೇ ಬಿ ಸೆಕ್ಷನ್‌ಗೆ ಪಾಠ ಮಾಡುವವರು ಯಾರು? ಅನುಭವ ಇರುವ ಒಳ್ಳೆಯ ಟೀಚರ್ ಎ ಸೆಕ್ಷನ್‌ಗೆ, ನಿನ್ನೆ ಸೇರಿದವರು ಬಿ ಸೆಕ್ಷನ್‌ಗೆ ಅಂತಾದರೆ ಅದನ್ನು ಬೇರೆ ತಂದೆತಾಯಿಗಳ ಜೊತೆ ಸೇರಿ ಕೇಳಿ. ಕಷ್ಟ ಇರುವ ಮಕ್ಕಳಿಗೆ ಒಳ್ಳೆಯ ಟೀಚರ್ ಹೆಚ್ಚು ಬೇಕು, ಅಲ್ವಾ?

ಪಾಠದ ವ್ಯತ್ಯಾಸ ಯಾಕೆ ಕೇಳಬೇಕು ಅಂದರೆ, ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಗಣಿತದ ಪತ್ರಿಕೆ ಒಂದೇ. 80 ಅಂಕ ಪರೀಕ್ಷೆಗೆ, 20 ಆಂತರಿಕ. ಸಿಬಿಎಸ್‌ಇಯವರು 2020ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಗಣಿತ ಪತ್ರಿಕೆ ಇಟ್ಟಿದ್ದಾರೆ, ಅಲ್ಲೂ ಪಾಠ ಒಂದೇ, ಪ್ರಶ್ನೆ ಪತ್ರಿಕೆ ಮಾತ್ರ ಬೇರೆ. ಹಾಗಿದ್ದಮೇಲೆ ಏಳನೇ ತರಗತಿಯಲ್ಲಿ ಬಿ ಸೆಕ್ಷನ್‌ಗೆ ಸರಳ ಸಮೀಕರಣದ ಕಷ್ಟದ ಲೆಕ್ಕ ಬಿಟ್ಟು, ಬೀಜೋಕ್ತಿಯ ಪಾಠ ಓಡಿಸಿ ಹೋದರೆ ಮೂರು ವರ್ಷದ ನಂತರ ಅದೇ ಪತ್ರಿಕೆಯನ್ನು ಅವಳು ಹೇಗೆ ಬರೆಯಬೇಕು? ಪುಸ್ತಕದ ಎಲ್ಲ ಪಾಠ, ಎಲ್ಲ ಅಭ್ಯಾಸ ಆಗಲೇಬೇಕು. ಇದು ಎ ಸೆಕ್ಷನ್‌ಗೆ ಹೋಗುವುದಕ್ಕಿಂತ ದೊಡ್ಡ ವಿಷಯ. ಇದರಲ್ಲಿ ರಾಜಿ ಬೇಡ.

ಫೌಂಡೇಶನ್ ಕ್ಲಾಸ್ ತಪ್ಪಿತು ಅಂತ ಮಾತ್ರ ಅಳಬೇಡಿ. ಇಂಥ ಕ್ಲಾಸ್‌ಗಳಲ್ಲಿ ಸಾಮಾನ್ಯವಾಗಿ ಮಾಡುವುದು ಎಂಟು, ಒಂಬತ್ತನೇ ತರಗತಿಯ ಲೆಕ್ಕಗಳನ್ನು ಬೇಗ ಮಾಡಿಸುವುದು. ಕೆಲವು ಮಕ್ಕಳಿಗೆ ಅದು ಖುಷಿ, ಅವರಿಗೆ ಇರಲಿ. ಆದರೆ ಉತ್ತರ ಪತ್ರಿಕೆಯಲ್ಲಿ ನಿಮಗೆ ಆ 4/6 ಕಂಡರೆ, ದಯವಿಟ್ಟು ನೀವೇ ಎ ಸೆಕ್ಷನ್ ಕೇಳಬೇಡಿ. ಭಿನ್ನರಾಶಿ ಗಟ್ಟಿ ಇಲ್ಲದ ಮಗುವನ್ನು ವೇಗದ ಕ್ಲಾಸ್‌ನಲ್ಲಿ ಕೂರಿಸಿದರೆ ಅದು ಬಾಯಿಪಾಠ ಮಾಡಿ ಒಂದು ವರ್ಷ ತಳ್ಳುತ್ತದೆ, ಎಂಟನೇ ತರಗತಿಯಲ್ಲಿ ಕುಸಿಯುತ್ತದೆ. ನೀವು ಗೆದ್ದಿರಿ ಅನ್ನಿಸುತ್ತದೆ, ಸೋತದ್ದು ಮಗಳು. ಆಗ ಬಿ ಸೆಕ್ಷನ್‌ನಲ್ಲೇ ಇದ್ದು ಹೆಚ್ಚಿನ ಪಾಠ ಕೇಳಿ ಪಡೆಯಿರಿ. ತಪ್ಪುಗಳು ಬರೀ ಅವಸರದ್ದು, ಬಿಟ್ಟು ಹೋದದ್ದು ಅಂತ ಕಂಡರೆ ಇನ್ನೊಂದು ಟೆಸ್ಟ್‌ಗೆ ಒತ್ತಾಯ ಮಾಡಿ, ಹಿಂದೆ ಸರಿಯಬೇಡಿ.

ಬಿಇಓ ಕಚೇರಿಗೆ ಹೋಗುವುದು ಕೊನೆಯ ಮೆಟ್ಟಿಲು. ಉತ್ತರ ಪತ್ರಿಕೆ ತೋರಿಸಲಿಲ್ಲ, ಪತ್ರಕ್ಕೆ ಉತ್ತರವೇ ಇಲ್ಲ, ಪಾಠ ಬಿಡುತ್ತಿದ್ದಾರೆ ಅಂತಾದರೆ ಹೋಗಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳ ಒಳಗೆ ತೀರ್ಮಾನ ಆಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ. ಸೀಲ್ ಹಾಕಿಸಿಕೊಂಡ ಪ್ರತಿ ಆಗ ಕೆಲಸಕ್ಕೆ ಬರುತ್ತದೆ. ಟಿಸಿ ಮಾತು ಈಗಲೇ ಬೇಡ. ಜುಲೈನಲ್ಲಿ ಶಾಲೆ ಬದಲಾಯಿಸಿದರೆ ಮಗಳಿಗೆ ಬಿ ಸೆಕ್ಷನ್ ಜೊತೆ ಹೊಸ ಶಾಲೆ, ಹೊಸ ಗೆಳತಿಯರು, ಎಲ್ಲ ಒಟ್ಟಿಗೆ ಬರುತ್ತದೆ.

ಒಂದು ಎಚ್ಚರಿಕೆ. ಅದೇ ಶಾಲೆಯ ಟೀಚರ್ ಯಾರಾದರೂ "ನಮ್ಮ ಮನೆಗೆ ಟ್ಯೂಷನ್‌ಗೆ ಕಳಿಸಿ, ಎ ಸೆಕ್ಷನ್ ಮಾಡಿಕೊಡೋಣ" ಎಂದರೆ ಒಪ್ಪಬೇಡಿ. 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತೆಯೇ ಇಲ್ಲ.

ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಪುಸ್ತಕ ತೆಗೆಯುವ ಮುಂಚೆ ಮಾತಿನಲ್ಲಿ ಲೆಕ್ಕ ಮಾಡಿ. ನಿಮ್ಮ ಪತ್ರದಲ್ಲಿ ಹೊಸನಗರದ ಮಾತಿದೆ, ಊರಲ್ಲಿ ತೋಟ ಇರಬಹುದು ಅಂದುಕೊಳ್ಳುತ್ತೇನೆ. ಅಡಿಕೆ ಸಸಿಯನ್ನು ಒಂಬತ್ತು ಅಡಿಗೆ ಒಂಬತ್ತು ಅಡಿ ಬಿಟ್ಟು ನೆಟ್ಟರೆ ಎಕರೆಗೆ ಎಷ್ಟು ಸಸಿ ಬೇಕು? ಎಕರೆಗೆ 43,560 ಚದರ ಅಡಿ, ಒಂದು ಸಸಿಗೆ 81. ಭಾಗಿಸಿ ನೋಡಲಿ, 540ರ ಹತ್ತಿರ ಬರುತ್ತದೆ. ಆಮೇಲೆ ಅಜ್ಜನಿಗೆ ಫೋನ್ ಮಾಡಿ ನಮ್ಮ ತೋಟದಲ್ಲಿ ಎಕರೆಗೆ ಎಷ್ಟಿದೆ ಎಂದು ಅವಳೇ ಕೇಳಲಿ. ಕಡಿಮೆ ಇದ್ದರೆ ಯಾಕೆ ಕಡಿಮೆ, ಕಾಲುವೆಗೆ ಎಷ್ಟು ಜಾಗ ಹೋಯಿತು, ಅದೂ ಲೆಕ್ಕವೇ. ಹಳಬರಿಗೆ ಕಾಲು ಮಗ್ಗಿ, ಅರ್ಧ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಲ್ಲಿ ಇರುತ್ತಿತ್ತು. ಅಜ್ಜನಿಗೆ ಗೊತ್ತಿದ್ದರೆ ಹೇಳಿಸಿಕೊಳ್ಳಲಿ, ಭಿನ್ನರಾಶಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಮತ್ತೆ ಇವತ್ತು ರಾತ್ರಿಯೇ ಮಾಡಬೇಕಾದ ಒಂದು ಕೆಲಸ ಇದೆ. ಎ, ಬಿ, ಬಿಇಓ, ಟಿಸಿ ಎಲ್ಲ ಮಾತನ್ನೂ ಅವಳು ಮಲಗಿದ ಮೇಲೆ ಆಡಿ. ನೀವಿಬ್ಬರೂ ಊಟದ ಹೊತ್ತಿಗೆ ಅದನ್ನೇ ಮಾತಾಡುತ್ತಿದ್ದರೆ, ತನ್ನಿಂದ ಮನೆಗೆ ಏನೋ ಕೆಟ್ಟದ್ದಾಯಿತು ಅಂತ ಅವಳಿಗೆ ಅನ್ನಿಸುತ್ತದೆ. ಊಟ ಮಾಡದೆ ಮಲಗುವುದಕ್ಕೆ ಬಿ ಸೆಕ್ಷನ್ ಒಂದೇ ಕಾರಣ ಇರಲಿಕ್ಕಿಲ್ಲ. ಆ ಗೆಳತಿಯನ್ನು ಭಾನುವಾರ ಮನೆಗೆ ಕರೆಯಿರಿ.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಮಗ ತೀರ್ಥಹಳ್ಳಿ ತಾಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಕ್ಲಾಸಿನಲ್ಲಿ ಹದಿಮೂರು ಮಕ್ಕಳು. ಇವನು ಲೆಕ್ಕ ಬೇಗ ಮುಗಿಸಿ ಸುಮ್ನೆ ಕೂರುತ್ತಾನೆ. ಪೇಟೆಯಲ್ಲಿ ಬುದ್ಧಿವಂತರಿಗೆ ಬೇರೆ ಸೆಕ್ಷನ್ ಇದೆಯಂತೆ. ಶಿವಮೊಗ್ಗದಲ್ಲಿ ಹಾಸ್ಟೆಲ್‌ಗೆ ಹಾಕಿ ಓದಿಸಬೇಕಾ?
ಒಬ್ಬ ತಂದೆ, ತೀರ್ಥಹಳ್ಳಿ ತಾಲೂಕು

ಉತ್ತರ: ಅದೊಂದೇ ಕಾರಣಕ್ಕೆ ಹನ್ನೆರಡು ವರ್ಷದ ಹುಡುಗನನ್ನು ಮನೆ ಬಿಡಿಸಬೇಡಿ. ಹದಿಮೂರು ಮಕ್ಕಳ ಕ್ಲಾಸ್ ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ನಿಮ್ಮ ಮೇಷ್ಟ್ರಿಗೆ ಅವನು ಕಾಣುತ್ತಾನೆ, ಅದು ದೊಡ್ಡದು. ಹೋಗಿ ಕೇಳಿ, ಬೇಗ ಮುಗಿಸಿದಾಗ ಅವನಿಗೆ ಕೊಡಲು ಬೇರೆ ಲೆಕ್ಕ ಇಟ್ಟುಕೊಳ್ಳುತ್ತೀರಾ ಸಾರ್ ಎಂದು. ಮುಂದಿನ ಪಾಠದ ಲೆಕ್ಕವೇ ಆಗಬೇಕಿಲ್ಲ, ಅದೇ ಪಾಠದ ಕಷ್ಟದ ಲೆಕ್ಕ ಇನ್ನೂ ಒಳ್ಳೆಯದು. ಪಕ್ಕದವನಿಗೆ ಹೇಳಿಕೊಡುವ ಕೆಲಸವನ್ನೂ ಕೊಡಲಿ, ಆದರೆ ದಿನಾ ಅದೇ ಆದರೆ ಅವನ ಕಲಿಕೆ ನಿಲ್ಲುತ್ತದೆ, ಅದನ್ನು ಗಮನಿಸಿ. ಮಳೆ ರಜೆ ಬಂದಾಗ ಏನು ಮಾಡಬೇಕು ಎಂದು ಮೊದಲೇ ಬರೆಸಿಕೊಂಡು ಬರಲಿ. ನಿಮ್ಮ ಕಡೆ ಜುಲೈನಲ್ಲಿ ವಾರಗಟ್ಟಲೆ ಹಾಗೇ ಹೋಗುತ್ತದಲ್ಲ.

ಇನ್ನು ಅವನಿಗೊಂದು ಗುರಿ ಬೇಕಾದರೆ ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೇ ಇರುವುದು, ನಿಮ್ಮ ಶಾಲೆಯಲ್ಲೇ ಇದ್ದು ಬರೆಯಬಹುದು. ತಂದೆತಾಯಿಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಏಳನೇ ತರಗತಿಯಲ್ಲಿ ಶೇಕಡಾ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇಕಡಾ 5 ವಿನಾಯಿತಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ಒಂದು ಬೌದ್ಧಿಕ ಸಾಮರ್ಥ್ಯದ್ದು, ಒಂದು ಪಾಠದ್ದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ಗಾಜನೂರಿನ ನವೋದಯಕ್ಕೆ ಆರನೇ ತರಗತಿಯ ಪ್ರವೇಶ ಅವನಿಗೆ ದಾಟಿ ಹೋಯಿತು. ಒಂಬತ್ತನೇ ತರಗತಿಗೆ ಖಾಲಿ ಸೀಟು ತುಂಬಲು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅಷ್ಟು ಹೊತ್ತಿಗೆ ಅವನೂ ಎರಡು ವರ್ಷ ದೊಡ್ಡವನಾಗಿರುತ್ತಾನೆ. ಹೋಗಬೇಕಾ ಬೇಡವಾ ಎಂದು ಅವನನ್ನೇ ಕೇಳಿ.

ಪ್ರಶ್ನೆ: ಮಗಳು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದ್ದಾಳೆ. ಮೊಮ್ಮಗ ಆರನೇ ತರಗತಿ. ಅವನನ್ನು ಮುಂದುವರಿದ ಗಣಿತದ ಕ್ಲಾಸಿಗೆ ಹಾಕಲಿಲ್ಲ ಎಂದು ಮಗಳು ಫೋನ್‌ನಲ್ಲಿ ಅಳುತ್ತಾಳೆ, ಶಾಲೆಗೆ ಮೇಲ್ಮನವಿ ಹಾಕುತ್ತಾಳಂತೆ. ಆರನೇ ಕ್ಲಾಸಿನ ಗಣಿತಕ್ಕೆ ಇಷ್ಟೆಲ್ಲ ಯಾಕೆ? ನನಗೆ ಅರ್ಥವಾಗುತ್ತಿಲ್ಲ.
ಒಬ್ಬ ಅಜ್ಜ, ಸಾಗರ

ಉತ್ತರ: ಅವಳ ಆತಂಕ ಸುಮ್ನೆ ಬಂದದ್ದಲ್ಲ. ಅಲ್ಲಿ ಆರರಿಂದ ಎಂಟನೇ ತರಗತಿ ಮಿಡ್ಲ್ ಸ್ಕೂಲ್. ನಮ್ಮಲ್ಲಿ ಎಲ್ಲರೂ ಒಂದೇ ಪುಸ್ತಕ ಓದುತ್ತಾರೆ, ಅಲ್ಲಿ ಹಾಗಿಲ್ಲ, ಗಣಿತದ ದಾರಿಯೇ ಬೇರೆಯಾಗುತ್ತದೆ. ಎಂಟನೇ ತರಗತಿಯಲ್ಲಿ ಆಲ್ಜಿಬ್ರಾ ಮುಗಿಸಿದ ಮಗು ವರ್ಷಕ್ಕೊಂದು ಕೋರ್ಸ್ ಅಂತ ಹೋದರೆ ಹನ್ನೆರಡನೇ ತರಗತಿಗೆ ಕ್ಯಾಲ್ಕುಲಸ್ ಮುಟ್ಟುತ್ತದೆ. ಒಂಬತ್ತರಲ್ಲಿ ಶುರು ಮಾಡಿದವರಿಗೆ ಅದು ಕಷ್ಟ. ಹಾಗಾಗಿ ಆರನೇ ತರಗತಿಯ ಸೆಕ್ಷನ್‌ಗೆ ಅಲ್ಲಿಯ ತಂದೆತಾಯಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ.

ಮಗಳಿಗೆ ಒಂದು ವಿಷಯ ಕೇಳಿ. ರಾಜ್ಯದ ವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಯಾವ ಮಟ್ಟ ಬಂದಿದೆ? ನಾರ್ತ್ ಕೆರೊಲಿನಾದಲ್ಲಿ 2018ರಲ್ಲಿ ಒಂದು ಕಾನೂನು ಬಂದಿದೆ. ಗಣಿತದಲ್ಲಿ ಅತಿ ಮೇಲಿನ ಮಟ್ಟ ಪಡೆದ ಮಕ್ಕಳಿಗೆ ಮುಂದುವರಿದ ಗಣಿತದ ಅವಕಾಶ ಕೊಡಲೇಬೇಕು, ತಂದೆತಾಯಿ ಬರೆದು ಕೊಡದೆ ಅವರನ್ನು ಹೊರಗಿಡುವಂತಿಲ್ಲ. ಶಿಕ್ಷಕರ ಅಭಿಪ್ರಾಯದ ಮೇಲೆ ಬಿಟ್ಟರೆ ಕೆಲವು ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂದೇ ಆ ಕಾನೂನು ಬಂದದ್ದು. ಆ ಮಟ್ಟ ಬಂದಿದ್ದರೆ ಅವಳು ಅಳಬೇಕಾಗಿಲ್ಲ, ಕಾನೂನು ತೋರಿಸಿದರೆ ಸಾಕು. ಬಂದಿಲ್ಲ ಅಂದರೆ ಮೇಲಿನ ತಾಯಿಗೆ ಹೇಳಿದ್ದನ್ನೇ ಅವಳಿಗೂ ಹೇಳಿ: ಯಾವ ಪಾಠದಲ್ಲಿ ಎಡವಿದ್ದಾನೆ ಎಂದು ಮೊದಲು ನೋಡಲಿ.

ಇದರಲ್ಲಿ ಯಾವುದು ಸರಿ ಎಂದು ದೊಡ್ಡ ದೊಡ್ಡ ಊರುಗಳಿಗೂ ಇನ್ನೂ ತೀರ್ಮಾನ ಮಾಡಲು ಆಗಿಲ್ಲ. ಫಿನ್ಲೆಂಡ್ 1985ರಲ್ಲೇ ಗಣಿತದಲ್ಲಿ ಮಕ್ಕಳನ್ನು ಬೇರೆ ಮಾಡುವುದನ್ನು ನಿಲ್ಲಿಸಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ 2014ರಲ್ಲಿ ಎಂಟನೇ ತರಗತಿಯ ಆಲ್ಜಿಬ್ರಾ ತೆಗೆದು ಎಲ್ಲರನ್ನೂ ಒಟ್ಟಿಗೆ ಕೂರಿಸಿತು, ತಂದೆತಾಯಿ ಹತ್ತು ವರ್ಷ ಜಗಳ ಮಾಡಿದರು, 2024ರಲ್ಲಿ ಅಲ್ಲಿಯ ಮತದಾರರೇ ಅದನ್ನು ವಾಪಸ್ ತನ್ನಿ ಎಂದು ಮತ ಹಾಕಿದರು. ನನ್ನ ಮನಸ್ಸು ಒಟ್ಟಿಗೆ ಕೂರಿಸುವ ಕಡೆಗೇ ಇದೆ, ಆದರೆ ಒಟ್ಟಿಗೆ ಕೂರಿಸಿ ಬೇಗ ಕಲಿಯುವವನಿಗೆ ಏನೂ ಕೊಡದೆ ಇರುವುದನ್ನೂ ನಾನು ಒಪ್ಪುವುದಿಲ್ಲ.

ನೀವು ಮೊಮ್ಮಗನ ಜೊತೆ ಮಾತಾಡುವಾಗ ಸಾಗರದಲ್ಲಿರುವ ಇನ್ನೊಬ್ಬ ಮೊಮ್ಮಗನ ಮಾರ್ಕ್ಸ್ ಹೇಳಬೇಡಿ. ಕೇರಂ ಆಡಿದ್ದು, ಜೋಗದಲ್ಲಿ ನೀರು ಎಷ್ಟು ಬಂತು, ಅದನ್ನೆಲ್ಲ ಹೇಳಿ.

ಪ್ರಶ್ನೆ: ನಾನು ಭದ್ರಾವತಿಯಲ್ಲಿ ಎಂಟನೇ ಕ್ಲಾಸ್. ಗಣಿತಕ್ಕೆ ಬಿ ಬ್ಯಾಚ್. ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ ಆಗುತ್ತದೆ ಎಂದು ಕೇಳಿದೆ. ಬಿ ಬ್ಯಾಚ್‌ಗೆ ಅದೆಲ್ಲ ಬೇಡ, ರೂಲ್ ನೆನಪಿಟ್ಟುಕೋ ಸಾಕು ಎಂದರು. ಅಮ್ಮನಿಗೂ ಗೊತ್ತಿಲ್ಲ. ನೀವು ಹೇಳುತ್ತೀರಾ?
ಒಬ್ಬಳು ವಿದ್ಯಾರ್ಥಿನಿ, ಭದ್ರಾವತಿ

ಉತ್ತರ: ಹೇಳುತ್ತೇನೆ ಮಗಳೇ. ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೀಯ.

ನಿಮ್ಮ ಊರಿನ ಹತ್ತಿರ ಭದ್ರಾ ಡ್ಯಾಂ ಇದೆಯಲ್ಲ, ತುಂಬಿದರೆ 186 ಅಡಿ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುತ್ತಾರೆ, ಮಟ್ಟ ಇಳಿಯುತ್ತದೆ. ಲೆಕ್ಕಕ್ಕೆ ದಿನಾ 2 ಅಡಿ ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಇಳಿಯುವುದನ್ನು −2 ಎಂದು ಬರೆ. ಇನ್ನು ಮೂರು ದಿನ ಕಳೆದರೆ? 3 × (−2) = −6. ಇವತ್ತಿಗಿಂತ 6 ಅಡಿ ಕೆಳಗೆ. ಇದು ಸುಲಭ.

ಈಗ ಹಿಂದಕ್ಕೆ ಹೋಗು. ಮೂರು ದಿನದ ಹಿಂದೆ ಅನ್ನುವುದನ್ನು −3 ಎಂದು ಬರೆ. ದಿನಾ 2 ಅಡಿ ಇಳಿಯುತ್ತಲೇ ಬಂದಿದೆ ಅಂದರೆ, ಮೂರು ದಿನದ ಹಿಂದೆ ನೀರು ಇವತ್ತಿಗಿಂತ ಕೆಳಗಿತ್ತಾ, ಮೇಲಿತ್ತಾ? ಎಷ್ಟು ಅಡಿ? ಅದೇ (−3) × (−2).

ನೋಟ್‌ಬುಕ್‌ನಲ್ಲಿ ಇನ್ನೊಂದು ರೀತಿಯಲ್ಲೂ ನೋಡು. 3 × (−2) = −6, 2 × (−2) = −4, 1 × (−2) = −2, 0 × (−2) = 0. ಒಂದೊಂದು ಮೆಟ್ಟಿಲಿಗೂ ಉತ್ತರ ಎಷ್ಟು ಜಾಸ್ತಿ ಆಗುತ್ತಾ ಬಂತು? ಮುಂದಿನ ಮೆಟ್ಟಿಲು (−1) × (−2). ಅದನ್ನು ನೀನೇ ಬರೆ, ಅದರ ಮುಂದಿನದನ್ನೂ ಬರೆ. ಆಮೇಲೆ ಅಮ್ಮನಿಗೆ ಡ್ಯಾಂ ಕಥೆ ಹೇಳಿಕೊಡು. ಮೈನಸ್ ಅನ್ನು ಮೈನಸ್‌ನಿಂದ ಭಾಗಿಸಿದರೆ ಏನಾಗುತ್ತದೆ ಎಂದು ಇದೇ ನೀರಿನ ಲೆಕ್ಕದಲ್ಲಿ ಯೋಚಿಸಿ ನನಗೆ ಬರೆದು ಕಳಿಸು. ಮುಂದಿನ ಸಲ ನಿನ್ನ ಪತ್ರವನ್ನೇ ಮೊದಲು ಹಾಕುತ್ತೇನೆ.